ವಿದೇಶದಲ್ಲಿ ಕೋವಿಡ್ ಪಾಸಿಟಿವ್ ಬಂದರೆ ಖರ್ಚು ಯಾರದ್ದು?

ಪ್ರಶ್ನೆ: ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೇನೆ. ಅಷ್ಟು ಸಾಕು ಅಲ್ವಾ?

ಉತ್ತರ 1: ಸಾಕಾಗದೆಯೂ ಇರಬಹುದು. ಹೆಚ್ಚಿನವರಿಗೆ ಬರೀ ಜ್ವರ, ಕೆಮ್ಮು, ಆಸ್ಪತ್ರೆ ಮಾತೇ ಇರುವುದಿಲ್ಲ, ಆದರೆ ರೂಮಿನಲ್ಲೇ ಬಿದ್ದುಕೊಂಡಿರಬೇಕಾಗಬಹುದು, ಊಟ ಬಾಗಿಲಿಗೇ ತರಿಸಬೇಕಾಗಬಹುದು, ಹೊಸ ಟಿಕೆಟ್ಟಿಗೆ ದುಡ್ಡು ಬೇರೆ. ಜೇಬಿಗೆ ಕತ್ತರಿ ಬೀಳುವುದೇ ಇಲ್ಲಿ. ಪಾಲಿಸಿಯಲ್ಲಿ ಕ್ವಾರಂಟೈನ್ ಖರ್ಚು ಸೇರಿದೆಯಾ ನೋಡಿ. ಕ್ಲೇಮಿಗೆ ಸೆಲ್ಫ್ ಟೆಸ್ಟ್ ಕಿಟ್ಟಿನ ಫೋಟೋ ಸಾಮಾನ್ಯವಾಗಿ ನಡೆಯಲ್ಲ, ಡಾಕ್ಟರ್ ಚೀಟಿ ಕೇಳುತ್ತಾರೆ.

ಉತ್ತರ 2: ಸುಮ್ನೆ ಹೆದರಿಸಬೇಡಿ ಮಾರಾಯ್ರೆ! ಅಮೆರಿಕಕ್ಕೆ ವಿಮಾನ ಹತ್ತಲು ನೆಗೆಟಿವ್ ರಿಪೋರ್ಟ್ ಬೇಕೆಂಬ ನಿಯಮ 2022ರ ಜೂನ್ 12ಕ್ಕೇ ಹೋಯಿತು. ಅದಕ್ಕೂ ಮುಂಚೆ ನಿಜಕ್ಕೂ ಫಜೀತಿ. ಗುಣವಾದ ಮೇಲೂ ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು, ಆಗೆಲ್ಲ ಗುಣವಾಗಿದೆ ಎಂಬ ಡಾಕ್ಟರ್ ಪತ್ರವೇ ಗತಿಯಾಗಿತ್ತು.

ಉತ್ತರ 3: ಪಾಸಿಟಿವ್ ಬಂದು ವಾಪಸಾಗುವುದು ತಡವಾದೀತು, ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಜಾಸ್ತಿಯೇ ಇಟ್ಟುಕೊಳ್ಳಿ. ವೀಸಾ ಮುಗಿಯುವ ತಾರೀಖಿಗೇ ವಾಪಸ್ ಟಿಕೆಟ್ ಮಾಡಬೇಡಿ.