ಮಾಮೂಲಿ ಓಸಿಟಿಗಿಂತ ಪೋಲರೈಸ್ಡ್ ಓಸಿಟಿಯಲ್ಲಿ ಏನು ಜಾಸ್ತಿ ಕಾಣುತ್ತೆ?

ಅಂಚುಗೆರೆ: ಅಮ್ಮನ ಮ್ಯಾಕ್ಯುಲಾದಲ್ಲಿ (ರೆಟಿನಾದ ನಡುಭಾಗ) ಡ್ರೂಸೆನ್ ಅನ್ನುವ ಹಳದಿ ಕಸದ ಚುಕ್ಕೆಗಳಿವೆ, ಎಎಂಡಿ (ವಯಸ್ಸಾದಂತೆ ಮ್ಯಾಕ್ಯುಲಾ ಕೆಡುವ ಕಾಯಿಲೆ) ಶುರುವಾಗಿದೆ ಅಂದಿದ್ದಾರೆ. ಓಸಿಟಿ, ಅಂದರೆ ಬೆಳಕು ಬಿಟ್ಟು ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್, ಆಗಿದೆ. ಅದರ ಬಗ್ಗೆ ಓದುತ್ತಾ ಹೋದಾಗ ಪಿಎಸ್-ಓಸಿಟಿ ಅಂತ ಇನ್ನೊಂದು ಸಿಕ್ಕಿತು, ಪೋಲರೈಸ್ಡ್ ಬೆಳಕಿನದು. ಮಾಮೂಲಿಯದೇ ಪದರ ಪದರವಾಗಿ ತೋರಿಸುತ್ತದಲ್ವಾ, ಇದರಲ್ಲಿ ಹೊಸದೇನು? ಅಮ್ಮನಿಗೆ ಮಾಡಿಸಬೇಕಾ?

ಮಸೂರ: ಮಾಮೂಲಿ ಓಸಿಟಿ ಅಳೆಯುವುದು ಯಾವ ಆಳದಿಂದ ಎಷ್ಟು ಬೆಳಕು ವಾಪಸ್ ಬಂತು ಅನ್ನುವುದನ್ನು, ಅಂದರೆ ಬರೀ ಹೊಳಪು. ರೆಟಿನಾದ ತಳದಲ್ಲಿ ಹೊಳೆಯುವ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ, ಬೆಳಕು ಹಿಡಿಯುವ ಫೋಟೊರಿಸೆಪ್ಟರ್ ಕೋಶಗಳ ತುದಿ, ಅದರ ಕೆಳಗೆ ಅವನ್ನು ಪೋಷಿಸುವ ಆರ್‌ಪಿಇ ಪದರ. ಕಾಯಿಲೆಯಿಂದ ಇವು ಕಲಸಿಹೋದಾಗ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಪಿಎಸ್-ಓಸಿಟಿ ಬೆಳಕಿನ ಕಂಪನದ ದಿಕ್ಕನ್ನೂ (ಪೋಲರೈಸೇಶನ್) ನೋಡುತ್ತದೆ. ಆರ್‌ಪಿಇ ತುಂಬಾ ಮೆಲನಿನ್ ಅನ್ನುವ ಬಣ್ಣದ ಕಣಗಳು, ಅವಕ್ಕೆ ಬಡಿದ ಬೆಳಕಿನ ಪೋಲರೈಸೇಶನ್ ಚೆಲ್ಲಾಪಿಲ್ಲಿ ಆಗುತ್ತದೆ. ಫೋಟೊರಿಸೆಪ್ಟರ್ ಪದರದಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಚೆಲ್ಲಾಪಿಲ್ಲಿ ಆದ ಜಾಗವನ್ನು ಮಾತ್ರ ಹೆಕ್ಕಿದರೆ ಆರ್‌ಪಿಇ ಗೆರೆ ಸಿಕ್ಕಿಬಿಡುತ್ತದೆ. ಡ್ರೂಸೆನ್ ಇದ್ದಲ್ಲಿ ಅದು ಉಬ್ಬಿರುತ್ತದೆ, ಅಟ್ರೊಫಿ ಆದಲ್ಲಿ, ಅಂದರೆ ಕೋಶಗಳು ಸತ್ತು ಸವೆದಲ್ಲಿ, ತುಂಡಾಗಿರುತ್ತದೆ. ಕೆಳಗಿನ ಕೊರಾಯ್ಡ್ ಅನ್ನುವ ರಕ್ತನಾಳದ ಪದರದಲ್ಲೂ ಮೆಲನಿನ್ ಇದೆ, ಅದನ್ನು ಬೇರೆ ಮಾಡುವುದು ಸಾಫ್ಟ್‌ವೇರ್ ಬರೆಯುವವರ ತಲೆನೋವು.

ಕಡ್ಡಿಪುಡಿ: ಗಾಯದ ಕಲೆ ಬಿಟ್ಟಿರಿ. ವೆಟ್ ಎಎಂಡಿ (ಹೊಸ ರಕ್ತನಾಳ ಬೆಳೆದು ದ್ರವ ಸೋರುವ ಬಗೆ) ಹಳೆಯದಾದಾಗ ಕೊಲಾಜೆನ್ ಎಳೆಗಳು ಬೆಳೆಯುತ್ತವೆ. ಎಳೆಗಳು ಸಾಲಾಗಿದ್ದರೆ ಬೆಳಕಿನ ಒಂದು ದಿಕ್ಕಿನ ಕಂಪನ ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. ಮಾಮೂಲಿ ಓಸಿಟಿಯಲ್ಲಿ ಸುಮ್ನೆ ಒಂದು ಬಿಳಿ ಮುದ್ದೆ, ಇದರಲ್ಲಿ ಕಲೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಇದೇ ಗುಣ ಹಿಡಿದು ಗ್ಲಾಕೋಮಾದಲ್ಲಿ (ಕಣ್ಣಿನ ನರ ಸವೆಯುವ ಕಾಯಿಲೆ) ನರದ ಎಳೆಗಳ ದಪ್ಪ ಅಳೆಯುವ ಜಿಡಿಎಕ್ಸ್ ಯಂತ್ರ ಬಂದಿತ್ತು. ಅದಕ್ಕೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಕಾಟ! ಕಾರ್ನಿಯಾವೂ ಪೋಲರೈಸೇಶನ್ ಬದಲಿಸುತ್ತದೆ, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಮೊದಲು ಎಲ್ಲರಿಗೂ ಒಂದೇ ಲೆಕ್ಕ ಹಾಕಿ ಕಳೆಯುತ್ತಿದ್ದರು, ಪ್ರತಿ ಕಣ್ಣಿಗೂ ಬೇರೆಯಾಗಿ ಅಳೆದು ಕಳೆಯುವುದು ಆಮೇಲೆ ಬಂತು.

ಅಂಚುಗೆರೆ: ಇಷ್ಟೆಲ್ಲ ಇದ್ದರೆ ಎಲ್ಲ ಕಡೆ ಯಾಕೆ ಇಲ್ಲ?

ಮಸೂರ: 1992ರಲ್ಲೇ ಈ ವಿಧಾನ ತೋರಿಸಿದ್ದರು. ಆದರೆ ಯಂತ್ರ ಜಟಿಲ, ಮತ್ತೆ ವೆಟ್ ಎಎಂಡಿಗೆ ಕಣ್ಣಿಗೆ ಕೊಡುವ ಇಂಜೆಕ್ಷನ್ ಬೇಕಾ ಬೇಡ್ವಾ ಅನ್ನುವುದಕ್ಕೆ ದ್ರವ ಸೇರಿದೆಯಾ ಅಂತ ನೋಡಬೇಕು, ಅದಕ್ಕೆ ಮಾಮೂಲಿ ಓಸಿಟಿ ಸಾಕು. ಈಗಲೂ ಪಿಎಸ್-ಓಸಿಟಿ ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ. ಅಮ್ಮನಿಗಾಗಿ ಹುಡುಕಿಕೊಂಡು ಹೋಗಬೇಡಿ.

ನೀಲಿಪೊರೆ: ಅದರ ಬದಲು ಆಮ್ಸ್ಲರ್ ಚೌಕಳಿ ಕೊಡಿ, ನಡುವೆ ಚುಕ್ಕೆ ಇರುವ ನೇರ ಗೆರೆಗಳ ಚೌಕಳಿ ಹಾಳೆ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆ ನೋಡಬೇಕು, ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಹೊಸದಾಗಿ ಗೆರೆ ಸೊಟ್ಟ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ತಕ್ಷಣ ತೋರಿಸಿ.