ಟೊಮೆಟೊ ಮುರುಟಿದ್ದು ಗೊಬ್ಬರದಿಂದಲೋ, ವೈರಸ್ಸಿಂದಲೋ?

ಪ್ರಶ್ನೆ (ಶಿರಸಿ): ಸರ್, ಮನೆಯ ಗೊಬ್ಬರಗುಂಡಿಯ ಕಾಂಪೋಸ್ಟ್ ಹಾಕಿ ಬೆಳೆಸಿದ ಟೊಮೆಟೊ, ಬೀನ್ಸ್ ಎರಡರದ್ದೂ ಚಿಗುರು ಮುರುಟಿದೆ. ಅದೇ ಗೊಬ್ಬರ ಹಾಕಿದ ಜೋಳ ಚೆನ್ನಾಗಿದೆ. ಗುಂಡಿಗೆ ಹೋದದ್ದು ಸಗಣಿ, ದರಕು (ಒಣ ಎಲೆ), ಗದ್ದೆ ಅಂಚಿನ ಹುಲ್ಲು. ಅಂಚಿಗೆ ಕಳೆ ಔಷಧಿ ಹೊಡೆದಿದ್ದರು.

ಉತ್ತರ: ಜೋಳ ಚೆನ್ನಾಗಿದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. 2,4-ಡಿ ಜಾತಿಯ ಕಳೆ ಔಷಧಿ ಅಗಲ ಎಲೆಯ ಗಿಡಗಳನ್ನು ಹಿಡಿಯುತ್ತದೆ, ಜೋಳದಂಥ ಹುಲ್ಲಿನ ಜಾತಿಯನ್ನು ಬಿಡುತ್ತದೆ. ಬೀನ್ಸ್ ಎಲೆ ದೊನ್ನೆಯ ಹಾಗೆ ಮಡಚಿದೆಯಾ? ಟೊಮೆಟೊದ ಹೊಸ ಎಲೆ ಸಪೂರವಾಗಿ, ನರಗಳು ಒತ್ತೊತ್ತಾಗಿ, ದಂಟು ತಿರುಚಿದೆಯಾ? ಹೌದಾದರೆ ಔಷಧಿಯೇ. ಬಿಳಿನೊಣ ತರುವ ವೈರಸ್ಸಾದರೆ ಎಲೆಯಂಚು ಹಳದಿಯಾಗುತ್ತದೆ, ಅಲ್ಲೊಂದು ಇಲ್ಲೊಂದು ಗಿಡದಿಂದ ಶುರುವಾಗುತ್ತದೆ.

ಖಚಿತ ಮಾಡಿಕೊಳ್ಳಲು ಆರು ಕುಂಡ ಸಾಕು. ಮೂರರಲ್ಲಿ ಎರಡು ಪಾಲು ಈ ಗೊಬ್ಬರ, ಒಂದು ಪಾಲು ಬೆಟ್ಟದ ಮಣ್ಣು. ಉಳಿದ ಮೂರಕ್ಕೆ ಬರೀ ಬೆಟ್ಟದ ಮಣ್ಣು. ಪ್ರತಿಯೊಂದಕ್ಕೂ ಮೂರು ಬೀನ್ಸ್ ಬೀಜ. ಕುಂಡದ ಅಡಿಗೆ ಬೇರೆಬೇರೆ ತಟ್ಟೆ ಇಡಿ, ಒಂದರ ನೀರು ಇನ್ನೊಂದಕ್ಕೆ ಹರಿದರೆ ಪರೀಕ್ಷೆ ಕೆಟ್ಟಂತೆ. ಮೊದಲ ಜೋಡಿ ಎಲೆ ನೋಡಿ ತೀರ್ಮಾನ ಬೇಡ, ಮೂರೆಲೆಯ ಗರಿ ಎರಡು ಮೂರು ಬರಲಿ, ಅಂದರೆ ಸುಮಾರು ಮೂರು ವಾರ. ಗೊಬ್ಬರದ ಕುಂಡದ್ದು ಮಾತ್ರ ಮುರುಟಿದರೆ ಗುಂಡಿಯದ್ದೇ ತಪ್ಪು.

ಗೊಬ್ಬರ ಎಸೆಯಬೇಡಿ. 2,4-ಡಿಯನ್ನು ಕರಗಿಸುವುದು ಸೂಕ್ಷ್ಮಜೀವಿಗಳು, ಅವಕ್ಕೆ ಗಾಳಿ ಬೇಕು. ಮಳೆಗಾಲದಲ್ಲಿ ನೀರು ನಿಂತ ಗುಂಡಿಯಲ್ಲಿ ಅದು ನಿಧಾನ. ಮೇಲೆ ತೆಗೆದು ಶೆಡ್ಡಿನಡಿ ರಾಶಿ ಮಾಡಿ, ಹಿಂಡಿದ ಬಟ್ಟೆಯಷ್ಟು ತೇವವಿರಲಿ, ವಾರಕ್ಕೊಮ್ಮೆ ಮಗುಚಿ. ಎರಡು ತಿಂಗಳ ಮೇಲೆ ಮತ್ತೆ ಬೀನ್ಸ್ ಪರೀಕ್ಷೆ. ಆಗಲೂ ಮುರುಟಿದರೆ ತರಕಾರಿಗೆ ಹಾಕದೆ ಮೇವಿನ ಹುಲ್ಲಿಗೆ ಹಾಕಿ. ಆದರೆ ಆ ಹುಲ್ಲು ತಿಂದ ದನದ ಸಗಣಿ ಮತ್ತೆ ತರಕಾರಿಗೆ ಬರಬಾರದು.

ಪ್ರಶ್ನೆ (ಕುಮಟಾ): ಹಾಗಾದರೆ ಕೊಂಡು ತಂದ ಭತ್ತದ ಹುಲ್ಲೂ ಅಪಾಯವೇ?

ಉತ್ತರ: ಅಷ್ಟು ಹೆದರಬೇಕಿಲ್ಲ. ಭತ್ತಕ್ಕೆ 2,4-ಡಿ ಹೊಡೆಯುವುದು ನಾಟಿಯಾದ 20–25 ದಿನಕ್ಕೆ, ಕೊಯ್ಲಿನ ಹೊತ್ತಿಗೆ ಬಹುಪಾಲು ಕರಗಿರುತ್ತದೆ. ನಿನ್ನೆ ಮೊನ್ನೆ ಹೊಡೆದ ಅಂಚಿನ ಹಸಿ ಹುಲ್ಲೇ ಕೆಟ್ಟದ್ದು. ಇಂಗ್ಲೆಂಡಿನಲ್ಲಿ 2008ರಲ್ಲಿ ಹಿತ್ತಲ ತರಕಾರಿ ಹಾಳು ಮಾಡಿದ ಅಮಿನೊಪೈರಾಲಿಡ್ ಬೇರೆಯ ಕಳೆ ಔಷಧಿ. ಅದು ಹುಲ್ಲಿನೊಳಗೆ ಉಳಿದು, ದನದ ಹೊಟ್ಟೆ ದಾಟಿ ಸಗಣಿಗೂ ಬಂದಿತ್ತು.

ಶಿರಸಿಯವರಿಗೆ ಇನ್ನೊಂದು ಮಾತು. ಆರೂ ಕುಂಡದ ಬೀನ್ಸ್ ನೆಟ್ಟಗೆ ಬಂದರೆ ಪಂಪು ನೋಡಿ. ಕಳೆ ಔಷಧಿ ಹೊಡೆದ ಪಂಪಿನಲ್ಲೇ ಜೀವಾಮೃತ (ಸಗಣಿ, ಗೋಮೂತ್ರದ ದ್ರವ ಗೊಬ್ಬರ) ಹೊಡೆದಿರಾ? ರಬ್ಬರ್ ಪೈಪು, ವಾಷರಿನಲ್ಲಿ ಉಳಿದ ಜಿಡ್ಡೇ ಟೊಮೆಟೊಗೆ ಸಾಕು. 10 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕಲಸಿ ರಾತ್ರಿಯಿಡೀ ತುಂಬಿಸಿಡಿ, ನಾಜಲ್ ಬಿಚ್ಚಿ ಮೂರು ಸಲ ತೊಳೆಯಿರಿ. ತರಕಾರಿಗೆ ಬೇರೆ ಪಂಪು ಇಟ್ಟರಂತೂ ಈ ತಲೆನೋವೇ ಇಲ್ಲ.