ಪೈಥಾನ್ ಕ್ರ್ಯಾಶ್ ಕೋರ್ಸ್ ಆಯಿತು, ಮುಂದೆ ಯಾವ ಪುಸ್ತಕ?

ಉದ್ರಿ ಪುಸ್ತಕ: ಎಲ್ಲರಿಗೂ ನಮಸ್ಕಾರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಎರಿಕ್ ಮ್ಯಾಥೆಸ್ ಅವರ ‘ಪೈಥಾನ್ ಕ್ರ್ಯಾಶ್ ಕೋರ್ಸ್’ನ ಮೊದಲ ಭಾಗ ಓದಿ ಅಭ್ಯಾಸಗಳನ್ನೆಲ್ಲ ಮಾಡಿದ್ದೇನೆ. ಲೂಪ್, ಫಂಕ್ಷನ್, ಡಿಕ್ಷನರಿ ಚೆನ್ನಾಗಿ ಬರುತ್ತದೆ, ಕ್ಲಾಸ್ (ಡೇಟಾ ಮತ್ತು ಅದರ ಮೇಲಿನ ಕೆಲಸಗಳನ್ನು ಒಟ್ಟಿಗೆ ಕಟ್ಟುವುದು) ಸುಮಾರಾಗಿ. ನಮ್ಮ ಅಂಗಡಿಯ ಉದ್ರಿ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದು ದಿನಾ ಬಳಸುತ್ತಿದ್ದೇನೆ. ತೊಂದರೆ ಎರಡು. ಎಲ್ಲಾ ಒಂದೇ ಉದ್ದನೆ ಫೈಲಿನಲ್ಲಿದೆ, ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತದೆ. ಎರಡನೆಯದು, ಹೋದ ತಿಂಗಳ ಪಟ್ಟಿಯನ್ನು ಹೊಸ ಹೆಸರಿಗೆ ಅಸೈನ್ ಮಾಡಿ ತಿದ್ದಿದರೆ ಹಳೆಯದೂ ಬದಲಾಗುತ್ತದೆ. ಕೊಳ್ಳುವುದು ಒಂದೇ ಪುಸ್ತಕ. ಯಾವುದು ತಗೊಳ್ಳಲಿ?

ಕಾವೇರಿ ತೀರ: ಲುಸಿಯಾನೊ ರಮಾಲ್ಹೊ ಅವರ ‘ಫ್ಲೂಯೆಂಟ್ ಪೈಥಾನ್’, 2022ರ ಎರಡನೇ ಆವೃತ್ತಿ. ಮೊದಲ ಅಧ್ಯಾಯದಲ್ಲೇ ಇಸ್ಪೀಟ್ ಎಲೆಗಳ ಕಟ್ಟಿಗೆ ಒಂದು ಕ್ಲಾಸ್ ಬರೆಯುತ್ತಾರೆ. ಎಷ್ಟು ಎಲೆ ಇದೆ, ಇಂತಿಷ್ಟನೇ ಎಲೆ ಯಾವುದು ಎಂದು ಹೇಳುವ ಎರಡು ವಿಶೇಷ ಮೆಥಡ್ (ಕ್ಲಾಸ್ ಒಳಗಿನ ಫಂಕ್ಷನ್) ಕೊಟ್ಟರೆ ಸಾಕು, ಫಾರ್ ಲೂಪ್, ಸ್ಲೈಸಿಂಗ್ (ಒಂದು ತುಂಡು ಕತ್ತರಿಸಿ ತೆಗೆಯುವುದು) ಎಲ್ಲಾ ತಾನಾಗಿ ನಡೆಯುತ್ತದೆ. ಕ್ಲಾಸ್ ಯಾಕೆ ಬೇಕು ಅನ್ನೋದು ಅಲ್ಲಿ ಗೊತ್ತಾಗುತ್ತದೆ. ನಿಮ್ಮ ಪಟ್ಟಿಯ ಸಮಸ್ಯೆಗೆ ಆರನೇ ಅಧ್ಯಾಯ ನೋಡಿ. ವೇರಿಯಬಲ್ (ಡೇಟಾಗೆ ಕೊಟ್ಟ ಹೆಸರು) ಅಂದರೆ ಡಬ್ಬಿ ಅಲ್ಲ, ಡಬ್ಬಿಗೆ ಅಂಟಿಸಿದ ಚೀಟಿ. ನೀವು ಒಂದೇ ಪಟ್ಟಿಗೆ ಎರಡು ಚೀಟಿ ಅಂಟಿಸಿದ್ದೀರಿ.

ಸಾದಾ ಸಿ: ಆ ಚೀಟಿ ವಿಷಯ ನಿಜವಾಗಿ ತಲೆಗೆ ಹೋಗಬೇಕಾದರೆ ಸಿ ಭಾಷೆ ಕಲಿಯಬೇಕು. ಕರ್ನಿಘನ್ ಮತ್ತು ರಿಚಿ ಬರೆದ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ತಗೊಳ್ಳಿ. ಮೊದಲು ಬಂದದ್ದು 1978ರಲ್ಲಿ, ಈಗ ಸಿಗುವುದು 1988ರ ಎರಡನೇ ಆವೃತ್ತಿ. ಮುನ್ನೂರು ಪುಟವೂ ಇಲ್ಲ. ಲೂಪ್, ಫಂಕ್ಷನ್ ಗೊತ್ತಿರುವವರಿಗೆಂದೇ ಬರೆದದ್ದು. ಪಾಯಿಂಟರ್, ಅಂದರೆ ಡೇಟಾ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ, ಅರ್ಥವಾದರೆ ಯಾವ ಭಾಷೆಯಲ್ಲೂ ಈ ಗೊಂದಲ ಆಗುವುದಿಲ್ಲ.

ಕಾವೇರಿ ತೀರ: ಪಾಯಿಂಟರ್ ಜೊತೆಗೆ ಮೆಮೊರಿ ಕೇಳಿ ಪಡೆಯುವುದು, ಬಿಡುವುದು, ಸ್ಟ್ರಿಂಗ್‌ನ (ಅಕ್ಷರಗಳ ಸಾಲಿನ) ಅಂತ್ಯ ಗುರುತಿಸುವ ಸೊನ್ನೆ ಎಲ್ಲಾ ಬರುತ್ತದೆ. ಅಂಗಡಿ ಲೆಕ್ಕ ಬಿಟ್ಟು ಅದರಲ್ಲೇ ಮುಳುಗಬೇಕಾಗುತ್ತದೆ ಅಲ್ವಾ?

ಸಾದಾ ಸಿ: ನೀವು ಹೇಳಿದ್ದು ಸಾವಿರ ಪುಟದ ಹತ್ತಿರದ ಪುಸ್ತಕ. ಕೊನೆಯ ಭಾಗದ ಮೆಟಾಕ್ಲಾಸ್ (ಕ್ಲಾಸ್ ತಯಾರಿಸುವ ಕ್ಲಾಸ್) ಅಂಗಡಿ ಲೆಕ್ಕಕ್ಕೆ ಬೇಕಾ? ಅವರಿಗೆ ಬೇಕಾದ್ದು ಅದರಲ್ಲಿ ನಾಲ್ಕೈದು ಅಧ್ಯಾಯ. ಪೂರ್ತಿ ಓದಿ ಮುಗಿಸಬಹುದಾದ ಪುಸ್ತಕ ಕೊಡುವ ಧೈರ್ಯವೇ ಬೇರೆ.

ಕ್ಯಾಂಪಸ್ ತಯಾರಿ: ಆದಿತ್ಯ ಭಾರ್ಗವ ಅವರ ‘ಗ್ರಾಕಿಂಗ್ ಆಲ್ಗರಿದಮ್ಸ್’ ಯಾರೂ ಹೇಳಲೇ ಇಲ್ಲ. ಚಿತ್ರಗಳಿವೆ, ಕೋಡ್ ಪೈಥಾನ್‌ನಲ್ಲೇ ಇದೆ. ಸಾಲಾಗಿ ಜೋಡಿಸಿದ ಒಂದು ಲಕ್ಷ ಹೆಸರುಗಳಲ್ಲಿ ಒಂದನ್ನು ಬೈನರಿ ಸರ್ಚ್ (ಪ್ರತಿ ಸಲ ಅರ್ಧ ಬಿಟ್ಟು ಹುಡುಕುವ ವಿಧಾನ) ಹೆಚ್ಚೆಂದರೆ 17 ಹೆಜ್ಜೆಯಲ್ಲಿ ಹುಡುಕುತ್ತದೆ. ಇಂಟರ್‌ವ್ಯೂಗೂ ಆಗುತ್ತದೆ.

ಹಳೇ ಕೋಡು: ಒಳ್ಳೆಯ ಪುಸ್ತಕ, ಆದರೆ ಅವರು ನಿಧಾನ ಅಂತ ದೂರಲಿಲ್ಲ, ಇಂಟರ್‌ವ್ಯೂ ಮಾತೂ ಆಡಲಿಲ್ಲ. ಅವರ ಮೊದಲ ತೊಂದರೆಯನ್ನು ಎಲ್ಲರೂ ದಾಟಿ ಹೋಗಿದ್ದೀರಿ. ಮುಟ್ಟಿದರೆ ಕೆಡುವ ಕೋಡನ್ನು ಭಾಷೆಯ ಜ್ಞಾನ ಸರಿಮಾಡುವುದಿಲ್ಲ.

ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ ಓದಿ. ಕೋಡು ಮಾಡುವ ಕೆಲಸ ಬದಲಿಸದೆ ಅದರ ರಚನೆ ಸರಿಪಡಿಸುವುದು ಅಂತ ಆ ಹೆಸರಿನ ಅರ್ಥ. 1999ರ ಆವೃತ್ತಿ ಜಾವಾದಲ್ಲಿತ್ತು, 2018ರದ್ದು ಜಾವಾಸ್ಕ್ರಿಪ್ಟ್‌ನಲ್ಲಿದೆ. ಮೊದಲ ಅಧ್ಯಾಯವೇ ಒಂದು ನಾಟಕ ಕಂಪನಿಯ ಬಿಲ್ ಪ್ರೋಗ್ರಾಂ. ಉದ್ದನೆಯ ಒಂದು ಫಂಕ್ಷನ್, ಕೆಲಸವೇನೋ ಮಾಡುತ್ತದೆ. ಆಮೇಲೆ ಅದೇ ಬಿಲ್ ವೆಬ್ ಪುಟದ ಭಾಷೆಯಾದ ಎಚ್‌ಟಿಎಮ್‌ಎಲ್‌ನಲ್ಲೂ ಬೇಕು ಅನ್ನುತ್ತಾರೆ. ಮೊದಲು ಟೆಸ್ಟ್ (ಉತ್ತರ ಸರಿಯೇ ಎಂದು ನೋಡುವ ಚಿಕ್ಕ ಕೋಡ್) ಇದೆಯಾ ನೋಡಿ, ಒಂದು ಚಿಕ್ಕ ತುಂಡು ಬೇರೆ ಮಾಡಿ, ಟೆಸ್ಟ್ ಓಡಿಸಿ, ಮತ್ತೊಂದು ತುಂಡು. ಹೀಗೆ ಪುಟಗಟ್ಟಲೆ ತಾಳ್ಮೆಯಿಂದ ತೋರಿಸುತ್ತಾರೆ. ಲೆಕ್ಕ ಹಾಕುವುದು ಒಂದು ಕಡೆ, ಪ್ರಿಂಟ್ ಮಾಡುವುದು ಇನ್ನೊಂದು ಕಡೆ ಬರುವ ಹೊತ್ತಿಗೆ ನಿಮ್ಮ ಫೈಲ್ ಎಲ್ಲಿ ಒಡೆಯಬೇಕು ಎಂದು ನಿಮಗೇ ಕಾಣುತ್ತದೆ.

ತುಂಗಾ ನಾಲೆ: ಕನ್ನಡ ಮೀಡಿಯಂನಲ್ಲಿ ಓದಿದವಳಾಗಿ ಒಂದು ಮಾತು. ಇಂಗ್ಲಿಷ್ ಜೊತೆಗೆ ಗೊತ್ತಿಲ್ಲದ ಭಾಷೆಯ ಕೋಡೂ ಇದ್ದರೆ ಓದು ಎರಡು ಪಟ್ಟು ಭಾರವಾಗುತ್ತದೆ. ಜಾವಾಸ್ಕ್ರಿಪ್ಟ್ ಗೊತ್ತಿಲ್ಲದವರು ಆ ಅಧ್ಯಾಯವನ್ನು ಪೈಥಾನ್‌ಗೆ ತಿರುಗಿಸಿ ಬರೆಯುತ್ತಾ ಓದಲಿ. ಸುಮ್ನೆ ಓದಿದರೆ ಹತ್ತುವುದಿಲ್ಲ.

ಗಣಿತ ಮೇಷ್ಟ್ರು: ಏಬೆಲ್ಸನ್, ಸಸ್‌ಮನ್ ಅವರ ‘ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಶನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್’ ಕೂಡ ಇರಲಿ. 1985ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪಾಠಗಳಿಂದ ಹುಟ್ಟಿದ್ದು, ವೆಬ್‌ನಲ್ಲಿ ಉಚಿತ. ಕೋಡ್ ಸ್ಕೀಮ್ ಎಂಬ ಬೇರೆ ಭಾಷೆಯಲ್ಲಿದೆ, ಗಣಿತ ಜಾಸ್ತಿ, ಒಪ್ಪುತ್ತೇನೆ. ಆದರೆ ಮೊದಲ ಎರಡು ಅಧ್ಯಾಯಗಳಲ್ಲಿ ಯಾವ ವೇರಿಯಬಲ್‌ನ ಬೆಲೆಯೂ ಬದಲಾಗುವುದಿಲ್ಲ. ಮೂರನೆಯದರಲ್ಲಿ ಬ್ಯಾಂಕ್ ಖಾತೆ ಬರುತ್ತದೆ. ನೂರರಿಂದ 25 ತೆಗೆದರೆ 75, ಅದೇ ಸಾಲು ಮತ್ತೆ ಬರೆದರೆ 50. ಒಂದೇ ಪ್ರಶ್ನೆಗೆ ಎರಡು ಉತ್ತರ! ಬದಲಾಗುವ ಡೇಟಾ ಯಾಕೆ ಅಪಾಯ ಎಂದು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಆ ಒಂದು ಭಾಗವನ್ನಾದರೂ ಓದಿ.

ಉದ್ರಿ ಪುಸ್ತಕ: ಧನ್ಯವಾದ. ಮೇಷ್ಟ್ರು ಹೇಳಿದ ಭಾಗ ಉಚಿತವಾಗಿ ಸಿಕ್ಕಿತು, ಖಾತೆಯ ಉದಾಹರಣೆಯನ್ನು ಪೈಥಾನ್‌ನಲ್ಲಿ ಬರೆದೆ. ಒಳಗಿನ ಫಂಕ್ಷನ್‌ನಿಂದ ಬ್ಯಾಲೆನ್ಸ್ ಬದಲಿಸಲು ನಾನ್‌ಲೋಕಲ್ (ಹೊರಗಿನ ಫಂಕ್ಷನ್ನಿನ ವೇರಿಯಬಲ್ ಎಂದು ಹೇಳುವ ಪದ) ಅಂತ ಬರೆಯಬೇಕಾಯಿತು. ಪಟ್ಟಿಯನ್ನು ಕಾಪಿ ಮಾಡಿಕೊಂಡ ಮೇಲೆ ಹಳೆ ತಿಂಗಳು ಕೆಡುತ್ತಿಲ್ಲ. ಹಾಗಾಗಿ ಕೊಳ್ಳುವುದು ‘ರಿಫ್ಯಾಕ್ಟರಿಂಗ್’. ಲೈಬ್ರರಿಯಲ್ಲಿ ಸಿಕ್ಕರೆ ‘ಫ್ಲೂಯೆಂಟ್ ಪೈಥಾನ್’ನ ಆರನೇ ಅಧ್ಯಾಯವನ್ನೂ ಓದುತ್ತೇನೆ. ಪುಸ್ತಕ ಬರುವ ಮೊದಲೇ ಟೆಸ್ಟ್ ಓಡಿಸುವ ಉಪಕರಣ ಪೈಟೆಸ್ಟ್‌ನಲ್ಲಿ ಒಂದು ಟೆಸ್ಟ್ ಬರೆದೆ: 0.1 ಮತ್ತು 0.2 ಕೂಡಿದರೆ 0.3 ಬರಬೇಕು. ಫೇಲ್ ಆಗುತ್ತಿದೆ, ಯಾಕೆ?

ಹಳೇ ಕೋಡು: ಫ್ಲೋಟ್ (ದಶಮಾಂಶ ಬಿಂದು ಇರುವ ಸಂಖ್ಯೆ) ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ, ಇರುತ್ತದೆ, 0.1 ಅದರಲ್ಲಿ ನಿಖರವಾಗಿ ಕೂರುವುದಿಲ್ಲ. ದುಡ್ಡಿಗೆ ಫ್ಲೋಟ್ ಬೇಡ. ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಬಿಲ್ ಪ್ರಿಂಟ್ ಮಾಡುವಾಗ ಮಾತ್ರ ರೂಪಾಯಿ ಮಾಡಿ. ಬಡ್ಡಿ ಲೆಕ್ಕವಿದ್ದರೆ ಪೈಥಾನ್ ಜೊತೆಗೇ ಬರುವ, ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಮಾಡ್ಯೂಲ್ ಬಳಸಿ, ಆದರೆ ಅದಕ್ಕೆ ಸಂಖ್ಯೆಯನ್ನು ಸ್ಟ್ರಿಂಗ್ ಆಗಿ ಕೊಡಿ. ಫ್ಲೋಟ್ ಕೊಟ್ಟರೆ ಅದೇ ತಪ್ಪು ಒಳಗೆ ಬರುತ್ತದೆ.